ನುಂಗಿದರೆ ನಾಲಿಗೆ ಕೆಡುತ್ತದೆ

ನನ್ನ ನಾಲಿಗೆಗೆ ಸಂಬಳ ಬರುತ್ತದೆ. ತಮಾಷೆಯಲ್ಲ. ಚಿಪ್ಸು, ಬಿಸ್ಕತ್ತು, ಕುರುಕಲು ಕಡ್ಡಿಗಳನ್ನು ಪೊಟ್ಟಣ ಕಟ್ಟಿ ಮಾರುವ ಫ್ಯಾಕ್ಟರಿಯಲ್ಲಿ ನಾನು ರುಚಿ ನೋಡುವವಳು. ಮೂರು ಕಡೆ ಬಿಳಿ ಹಲಗೆ ಹೊಡೆದ ಗೂಡಿನಂಥ ಜಾಗದಲ್ಲಿ ಕೂರುತ್ತೇನೆ. ತಿಂಡಿಯ ಬಣ್ಣಕ್ಕೆ ಮರುಳಾಗದಿರಲಿ ಎಂದು ತಲೆಯ ಮೇಲೆ ಕೆಂಪು ದೀಪ ಹಾಕಿರುತ್ತಾರೆ. ಎದುರಿನ ಪುಟ್ಟ ಕಿಟಕಿಯಿಂದ ತಟ್ಟೆ ಒಳಗೆ ಬರುತ್ತದೆ. ಬಾಯಿಗೆ ಹಾಕಿಕೊಳ್ಳಬೇಕು, ಅಗಿಯಬೇಕು, ನಾಲಿಗೆಯ ಮೇಲೆಲ್ಲ ಹೊರಳಾಡಿಸಬೇಕು, ಪಕ್ಕದ ಕಾಗದದ ಲೋಟಕ್ಕೆ ಉಗಿಯಬೇಕು. ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಒಂಬತ್ತಕ್ಕೆ ಎಷ್ಟು ಎಂದು ಅಂಕ ಕೊಡಬೇಕು. ನುಂಗುವಂತಿಲ್ಲ. ನುಂಗಿದರೆ ಹೊಟ್ಟೆ ತುಂಬುತ್ತದೆ, ಹೊಟ್ಟೆ ತುಂಬಿದವರ ನಾಲಿಗೆ ಸೋಮಾರಿಯಾಗುತ್ತದೆ. ಅದಕ್ಕೇ ಕೆಲಸಕ್ಕೆ ಸೇರಿದ ದಿನ ನಮಗೆ ಕಲಿಸುವ ಮೊದಲ ಮಾತೇ ಇದು: ನುಂಗಿದರೆ ನಾಲಿಗೆ ಕೆಡುತ್ತದೆ.

ಈ ಕೆಲಸದ ಮೇಲೆ ನನಗೆ ಬಹಳ ಜಂಬವಿತ್ತು. ಉಪ್ಪು ಒಂದು ಚಿಟಿಕೆ ಹೆಚ್ಚಾದರೆ ಹಿಡಿಯುತ್ತಿದ್ದೆ. ಒಂದೇ ಎಣ್ಣೆಯನ್ನು ಎರಡನೇ ಸಲ ಕಾಯಿಸಿದ್ದರೆ ಹಿಡಿಯುತ್ತಿದ್ದೆ. ನಮ್ಮ ಮ್ಯಾನೇಜರಿಗೆ ನಾವು ಬೆನ್ನ ಹಿಂದೆ ಗರಿಗರಿ ಸಾಹೇಬರು ಎನ್ನುತ್ತಿದ್ದೆವು. ಆಸಾಮಿ ಎಲ್ಲಿಂದ ಮಾತು ಶುರು ಮಾಡಿದರೂ ಕೊನೆಗೆ "ಗರಿಗರಿ ಹೇಗಿತ್ತು?" ಎಂದೇ ಮುಗಿಸುವುದು. ಹೊಸಬರು ಬಂದಾಗಲೆಲ್ಲ ಅವರು ನನ್ನನ್ನು ತೋರಿಸಿ "ಇವರ ನಾಲಿಗೆ ಚಿನ್ನ" ಎನ್ನುತ್ತಿದ್ದರು. ಅದನ್ನೂ, ನುಂಗಬಾರದೆಂಬ ಆ ಮೊದಲ ಪಾಠವನ್ನೂ ಮನೆಗೆ ಬಂದು ಒಂದಕ್ಕೆರಡು ಮಾಡಿ ಹೇಳಿಕೊಳ್ಳುತ್ತಿದ್ದೆ.

ಮನೆಯ ಊಟದ ಸೊಬಗನ್ನೂ ಹೇಳಿಬಿಡುತ್ತೇನೆ. ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು. ಯಾವ ಕಟ್ಟಡದಲ್ಲಿ ಯಾರು ಯಾವಾಗ ಸಿಕ್ಕಿಹಾಕಿಕೊಳ್ಳುತ್ತಾರೋ ಎಂದು ಫೋನು ಕೈಯಲ್ಲೇ ಇರಬೇಕು. ಫ್ರಿಜ್ಜಿನ ಮೇಲೆ ತಟ್ಟೆ ಇಟ್ಟುಕೊಂಡು ನಿಂತೇ ಊಟ. ಅತ್ತೆ ಎಲ್ಲರಿಗೂ ಬಡಿಸಿ, ತಮ್ಮ ತಟ್ಟೆ ಹಿಡಿದು ಟಿವಿ ಮುಂದೆ ಕೂರುವರು. ಧಾರಾವಾಹಿಯಲ್ಲಿ ಅಳುವವರ ಜೊತೆ ತಾವೂ ಅತ್ತು ಮುಗಿಸುವಷ್ಟರಲ್ಲಿ ತಟ್ಟೆ ಖಾಲಿ. ಏನು ತಿಂದೆನೆಂದು ಅವರಿಗೇ ನೆನಪಿರದು. ಎರಡನೇ ಕ್ಲಾಸಿನ ನಮ್ಮ ಮಗಳು, ಹುಟ್ಟಿದಾಗಿನಿಂದ ನಾವು ಗುಬ್ಬಿ ಎಂದು ಕರೆಯುವವಳು, ನೀರಿನ ಜಗ್ಗಿಗೆ ಟ್ಯಾಬ್ ಒರಗಿಸಿ ಕಾರ್ಟೂನು ನೋಡುತ್ತಾ ಕೂರುವಳು. ಊಟದ ಮೇಜೆಂದು ಕೊಂಡು ತಂದ ಮೇಜಿನ ತುಂಬ ಇಸ್ತ್ರಿಗೆ ಕಾದ ಬಟ್ಟೆಯ ರಾಶಿ.

ಇನ್ನು ನಾನು. ನಾನು ಅಡುಗೆಮನೆಯಲ್ಲಿ ನಿಂತು ಒಂದೊಂದು ಚಮಚ ಬಾಯಿಗೆ ಹಾಕಿ, ಹೊರಳಾಡಿಸಿ, ಸಿಂಕಿಗೆ ಉಗಿದು, ಅಂಕ ಹೇಳುತ್ತಿದ್ದೆ. "ಬೇಳೆ ಸಾರು ಆರು. ಪಲ್ಯ ಐದು, ಬೆಂದದ್ದು ಜಾಸ್ತಿಯಾಗಿದೆ." ಗಂಡ ಹಾಸ್ಯಕ್ಕೆಂದು ಶುರು ಮಾಡಿಸಿದ್ದು, ಆಮೇಲೆ ಅದೇ ಪದ್ಧತಿಯಾಯಿತು. ಅತ್ತೆ ಸೌಟು ಹಿಡಿದು ಬಾಗಿಲಲ್ಲಿ ನಿಂತು "ಎಷ್ಟು?" ಎಂದು ಕೇಳುವರು. ನಾನು ಹೇಳಿದ್ದು ಕೇಳಿ, "ಈ ವಯಸ್ಸಲ್ಲಿ ದಿನಾ ಪರೀಕ್ಷೆ ಬರೀತಾ ಇದ್ದೀನಪ್ಪಾ, ಒಂದು ದಿನಾನೂ ಫಸ್ಟ್ ಕ್ಲಾಸ್ ಇಲ್ಲ" ಎಂದು ಗೊಣಗುವರು. ಎಲ್ಲರೂ ನಗುತ್ತಿದ್ದೆವು. ಗುಬ್ಬಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ದಿನವಿಡೀ ಎಣ್ಣೆ ಉಪ್ಪಿನಲ್ಲಿ ನೆನೆದ ಬಾಯಿಗೆ ಆ ಹೊತ್ತಿಗೆ ಊಟವೆಂದರೆ ವಾಕರಿಕೆ. ಎಲ್ಲರೂ ಮಲಗಿದ ಮೇಲೆ, ಪಾತ್ರೆ ತೊಳೆಯುವ ಮುಂಚೆ, ಪಾತ್ರೆಯಿಂದಲೇ ನಾಲ್ಕು ತುತ್ತು ಗಂಟಲಿಗೆ ತಳ್ಳಿ ನಾನು ನನ್ನ ಊಟ ಮುಗಿಸುತ್ತಿದ್ದೆ.

ಗುಬ್ಬಿಯ ಶಾಲೆಯ ಸ್ಕರ್ಟು ಸೊಂಟದಲ್ಲಿ ನಿಲ್ಲದಾದಾಗ ಉದ್ದವಾಗುತ್ತಿದ್ದಾಳೆ ಎಂದುಕೊಂಡು ಪಿನ್ನು ಹಾಕಿದೆ. ಎರಡನೇ ಪಿನ್ನು ಹಾಕುವಾಗ ಮನಸ್ಸಿಗೆ ಚುರುಕ್ಕೆಂದಿತು. ಅದೇ ವಾರ ಅವಳು ಶಾಲೆಯ ಸಾಲಿನಲ್ಲಿ ನಿಂತಿದ್ದವಳು ಧೊಪ್ಪನೆ ಬಿದ್ದಳಂತೆ. ಓಡಿಹೋದೆ. ಕ್ಲಾಸ್ ಟೀಚರು ಅವಳಿಗೆ ಕೇಳಿಸದಂತೆ ನನ್ನನ್ನು ಪಕ್ಕಕ್ಕೆ ಕರೆದರು.

"ಡಬ್ಬಿ ಊಟ ಮಾಡೋ ಹಾಗೇ ಕಾಣಿಸುತ್ತೆ ಮೇಡಂ. ಆದ್ರೆ ಎಲ್ಲಾ ಟಿಶ್ಯೂ ಪೇಪರಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕ್ತಾಳೆ. ಮನೇಲಿ ಏನಾದ್ರೂ ಜಗಳ ಗಿಗಳ?"

ಮೈಯೆಲ್ಲ ಉರಿದುಹೋಯಿತು. ಮನೆಯಲ್ಲಿ ಜಗಳವಿದ್ದರೆ ನಾನು ಇವರ ಮುಂದೆ ಹಾಡಬೇಕೇ? ಇಷ್ಟು ದಿನ ನೋಡುತ್ತಾ ಕೂತವರು ಇವತ್ತು ಬಿದ್ದ ಮೇಲೆ ಹೇಳುತ್ತಾರಲ್ಲ. ಹಾಗೆಂದು ಮುಖಕ್ಕೆ ಹೊಡೆದಂತೆ ಅಂದು, ಮಗಳನ್ನು ನೇರ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ರಕ್ತ ತೆಗೆಸಿ, ತೂಕ ಹಾಕಿಸಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇನ್ನೊಂದು ಸ್ವಲ್ಪ ಇಳಿದ್ರೆ ಅಡ್ಮಿಟ್ ಮಾಡ್ಕೋಬೇಕಾಗುತ್ತೆ. ಮೂಗಿಂದ ಟ್ಯೂಬ್ ಹಾಕಿ ಊಟ ಕೊಡಬೇಕಾಗುತ್ತೆ. ಅಲ್ಲಿವರೆಗೂ ಹೋಗೋದು ಬೇಡ," ಎಂದರು. ಮಗಳ ಪುಟ್ಟ ಮೂಗನ್ನು ನೋಡಿದೆ.

ಅಲ್ಲಿಂದ ಶುರುವಾಯಿತು ನೋಡಿ ಉಪದೇಶ. ಆಹಾರ ತಜ್ಞೆಯೊಬ್ಬಳು ಕ್ಯಾರೆಟ್ಟನ್ನು ಹೂವಿನ ಹಾಗೆ, ಸೌತೆಕಾಯಿಯನ್ನು ದೋಣಿಯ ಹಾಗೆ ಕೊಯ್ದು ಕೊಡಿ, ತಟ್ಟೆಯಲ್ಲಿ ಐದು ಬಣ್ಣ ಇರಲಿ ಎಂದಳು. ಕೂತು ಕೊಯ್ದೆ. ಹೂವೂ ಹೋಯಿತು, ದೋಣಿಯೂ ಹೋಯಿತು, ಎಲ್ಲ ಟಿಶ್ಯೂ ಪೇಪರಿಗೆ. ಗಂಡ ಯಾವುದೋ ಆ್ಯಪ್ ಹಾಕಿಕೊಟ್ಟರು. ಮಗು ಒಂದು ತುತ್ತು ತಿಂದರೆ ಅದರಲ್ಲಿ ಒಂದು ಕೋತಿ ಕುಣಿಯುತ್ತದೆ. "ನಮ್ಮನೇಲಿ ಕೋತಿಗೇನು ಕಮ್ಮಿ?" ಎಂದು ಫೋನು ಕಿತ್ತು ಸೋಫಾಕ್ಕೆ ಎಸೆದೆ. ಅತ್ತೆ ಬಟ್ಟಲು ಹಿಡಿದು ಮನೆಯೆಲ್ಲ ಮಗುವಿನ ಹಿಂದೆ ತಿರುಗಿದರು, ಕೊನೆಗೆ ಮಂಚದ ಕೆಳಗೂ ಬಗ್ಗಿದರು. ನಾನು ಗದರಿದೆ, ಬೇಡಿಕೊಂಡೆ, ಗೊಂಬೆಯ ಆಸೆ ತೋರಿಸಿದೆ. ಗುಬ್ಬಿ ಅಳಲಿಲ್ಲ, ಹಟ ಮಾಡಲಿಲ್ಲ. ಪ್ರತಿ ತುತ್ತನ್ನೂ ಬಾಯಿಗೆ ಹಾಕಿಕೊಳ್ಳುತ್ತಿದ್ದಳು, ಚೆನ್ನಾಗಿ ಅಗಿಯುತ್ತಿದ್ದಳು, ಆಮೇಲೆ ಬಚ್ಚಲಿಗೆ ಹೋಗಿ ಬರುತ್ತಿದ್ದಳು. ಅದೇ ನನಗೆ ಹುಚ್ಚು ಹಿಡಿಸುತ್ತಿತ್ತು. ಒಂದು ಸಂಜೆ ಅವಳ ಶಾಲೆಯ ಚೀಲದಲ್ಲಿ ಅಗಿದ ಅನ್ನದ ಒದ್ದೆ ಉಂಡೆ ಸಿಕ್ಕಿತು. ಅದನ್ನು ಅಂಗೈಯಲ್ಲಿ ಹಿಡಿದು ಅವಳ ಮುಖದ ಹತ್ತಿರ ತಂದು ಕಿರುಚಿದೆ.

"ಅನ್ನ ಕಣೇ ಇದು! ಅಜ್ಜಿ ನಿಂತು ನಿಂತು ಮಾಡಿದ ಅನ್ನ! ಯಾರೇ ನಿನಗೆ ಇದನ್ನ ಕಲಿಸಿದ್ದು?"

ಅವಳು ನನ್ನನ್ನೇ ನೋಡಿದಳು. ನನಗೆ ತಲೆಬುಡ ಗೊತ್ತಿಲ್ಲವೇನೋ ಎಂಬಂತೆ ಆಶ್ಚರ್ಯದಿಂದ ನೋಡಿದಳು. ನಾನು ಅದನ್ನು ಕೊಬ್ಬು ಎಂದು ತಿಳಿದುಕೊಂಡೆ.

ಅಷ್ಟರಲ್ಲಿ ಫ್ಯಾಕ್ಟರಿಯಲ್ಲಿ ಹೊಸ ಮಾಲು ತಯಾರಾಗಿತ್ತು. ಮಕ್ಕಳ ಡಬ್ಬಿಗೆಂದೇ ಮಾಡಿದ 'ಆರೋಗ್ಯದ ಕಡ್ಡಿ'. ಪೊಟ್ಟಣದ ಮೇಲೆ ನಗುವ ಕ್ಯಾರೆಟ್ಟು, ಕುಣಿಯುವ ಸೊಪ್ಪು. ಒಳಗೆ ಇದ್ದದ್ದು ಹಳೆಯ ಜೋಳದ ಹಿಟ್ಟು, ಹಳೆಯ ಎಣ್ಣೆ, ಕ್ಯಾರೆಟ್ಟಿನ ನೆರಳು. ನನ್ನ ನಾಲಿಗೆಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ಆದರೂ ಎಂಟು ಕೊಟ್ಟಿದ್ದೆ, ಯಾಕೆಂದರೆ ನಮ್ಮನ್ನು ಕೇಳುವುದು ಒಳ್ಳೆಯದೋ ಕೆಟ್ಟದ್ದೋ ಎಂದಲ್ಲ. ಒಂದು ತಿಂದರೆ ಇನ್ನೊಂದಕ್ಕೆ ಕೈ ಹೋಗುತ್ತದೋ ಇಲ್ಲವೋ, ಅಷ್ಟೇ.

"ಶನಿವಾರ ಮಕ್ಕಳ ಕೈಲಿ ತಿನ್ನಿಸಿ ನೋಡೋಣ," ಎಂದರು ಗರಿಗರಿ ಸಾಹೇಬರು. "ಹೊರಗಿನವರು ಯಾಕೆ, ನಮ್ಮ ಸ್ಟಾಫ್ ಮಕ್ಕಳನ್ನೇ ಕರ್ಕೊಂಡು ಬನ್ನಿ. ಮೇಡಂ, ನಿಮ್ಮ ಮಗಳನ್ನೂ ಕರ್ಕೊಂಡು ಬನ್ನಿ."

ನಾನು ಒಪ್ಪಿಕೊಂಡೆ. ಯಾಕೆ ಗೊತ್ತೇ? ಅದಾದರೂ ತಿನ್ನಲಿ ಎಂದು. ನಿಲ್ಲಿಸಲಾಗದಂತೆ ಮಾಡಿದ ತಿಂಡಿಯಲ್ಲವೇ ಅದು, ನನ್ನ ಮಗಳೂ ನಿಲ್ಲಿಸದಿರಲಿ ಎಂದು. ಹೊಟ್ಟೆಗೆ ಏನಾದರೂ ಬೀಳಲಿ, ಕಸವೇ ಬೀಳಲಿ ಎನ್ನುವ ಸ್ಥಿತಿಗೆ ಬಂದಿದ್ದೆ. ಹೊಸ ಬಟ್ಟೆ ಹಾಕಿ ತಲೆ ಬಾಚಿದೆ. ಅಮ್ಮನ ಆಫೀಸಿಗೆ ಹೋಗುವುದೆಂದು ಗುಬ್ಬಿ ದಾರಿಯುದ್ದಕ್ಕೂ ಕುಣಿಯುತ್ತಲೇ ಬಂದಳು, ಮೆಟ್ಟಿಲು ಹತ್ತುವಾಗ ಮಾತ್ರ ಏದುಸಿರು ಬಿಟ್ಟು ಕಂಬಿ ಹಿಡಿದು ನಿಂತಳು.

ಮಕ್ಕಳನ್ನು ಕೂರಿಸಿದ ಕೋಣೆಯ ಒಂದು ಗೋಡೆ ಪೂರ್ತಿ ಕನ್ನಡಿ. ಅದು ಅವರಿಗೆ ಕನ್ನಡಿ, ಹಿಂದಿನ ಕತ್ತಲೆ ಕೋಣೆಯಲ್ಲಿ ನಿಂತ ನಮಗೆ ಕಿಟಕಿ. ಬಣ್ಣದ ಕುರ್ಚಿಗಳ ಮೇಲೆ ಮಕ್ಕಳು, ಮುಂದೆ ಒಂದೊಂದು ಬಟ್ಟಲು. "ತಿನ್ನಿ ಮಕ್ಕಳೇ," ಎಂದದ್ದೇ ತಡ, ಮುಗಿಬಿದ್ದವು. ಎರಡು ಕೈಯಲ್ಲಿ ತುರುಕಿಕೊಂಡವು, ಬೆರಳು ನೆಕ್ಕಿದವು, ಪಕ್ಕದವರ ಬಟ್ಟಲಿಗೆ ಕೈ ಹಾಕಿದವು. ನನ್ನ ಪಕ್ಕದಲ್ಲಿ ನಿಂತ ಸಾಹೇಬರ ಮುಖ ಅರಳುತ್ತಾ ಹೋಯಿತು.

ಗುಬ್ಬಿ ಮಾತ್ರ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಬಡಿಸುವ ಹುಡುಗಿಯನ್ನು ಕರೆದಳು. ಅವಳ ಸಣ್ಣ ದನಿ ಗೋಡೆಯ ಸ್ಪೀಕರಿನಲ್ಲಿ ದೊಡ್ಡದಾಗಿ ಕೇಳಿಸಿತು.

"ಆಂಟಿ, ನನಗೆ ಇನ್ನೊಂದು ಲೋಟ ಕೊಡ್ತೀರಾ? ಉಗಿಯೋದಕ್ಕೆ."

ಲೋಟ ಬಂತು. ಅವಳು ಒಂದೇ ಒಂದು ಕಡ್ಡಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಎಡಗೈಯನ್ನು ಗದ್ದದ ಕೆಳಗೆ ಇಟ್ಟುಕೊಂಡು, ತಲೆಯನ್ನು ಒಂದು ಕಡೆಗೆ ಸ್ವಲ್ಪ ವಾಲಿಸಿ ಅಗಿದಳು. ನಾನು ಕೂರುವುದೇ ಹಾಗೆ. ಆಮೇಲೆ ಬಟ್ಟೆಯ ಮೇಲೆ ಒಂದು ಹನಿ ಬೀಳದಂತೆ ಲೋಟಕ್ಕೆ ಉಗಿದು, ನೀರು ಮುಕ್ಕಳಿಸಿ, ಅಂಗಿಯ ತೋಳಿನಲ್ಲಿ ತುಟಿ ಒರೆಸಿಕೊಂಡಳು.

"ಗರಿಗರಿ ಎಂಟು," ಎಂದಳು. "ಉಪ್ಪು ಜಾಸ್ತಿ. ಒಟ್ಟು ಆರು. ನಾನು ಒಂಚೂರೂ ನುಂಗಿಲ್ಲ."

ಟಿಶ್ಯೂ ಪೇಪರಿನ ಉಂಡೆಗಳೆಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಹಟವಲ್ಲ, ಕೊಬ್ಬಲ್ಲ, ಕಾಯಿಲೆಯೂ ಅಲ್ಲ. ಮಗು ದಿನಾ ಮೂರು ಹೊತ್ತು, ಶ್ರದ್ಧೆಯಿಂದ, ನನ್ನ ಕೆಲಸ ಮಾಡುತ್ತಿತ್ತು.

ಪಕ್ಕದಲ್ಲಿ ಚಪ್ಪಾಳೆ ಕೇಳಿಸಿತು. ಗರಿಗರಿ ಸಾಹೇಬರು!

"ಅಬ್ಬಬ್ಬಾ! ಎಷ್ಟು ದಿನದಿಂದ ಟ್ರೈನಿಂಗ್ ಕೊಡ್ತಾ ಇದ್ದೀರಿ ಮೇಡಂ? ತಾಯಿಯಂತೆ ಮಗಳು ನೋಡಿ! ಇವಳ ಜೊತೆ ನಿಮ್ಮದೊಂದು ಫೋಟೋ ತೆಗೆಸೋಣ. ಪೊಟ್ಟಣದ ಹಿಂದೆ ಹಾಕಬಹುದು. ಅಮ್ಮ ಮಗಳು ಇಬ್ಬರೂ ಮೆಚ್ಚಿದ ರುಚಿ ಅಂತ."

ನನ್ನ ಪಿತ್ತ ನೆತ್ತಿಗೇರಿತು. "ಸಾರ್, ಬಾಯಿ ಮುಚ್ಚಿ," ಎಂದೆ.

"ಏನಂದ್ರಿ?"

"ಬಾಯಿ ಮುಚ್ಚಿ ಅಂದೆ. ಅವಳ ಕೈ ನೋಡಿ, ಕಡ್ಡಿ ಆಗಿದೆ. ಅವಳ ಕಣ್ಣಿನ ಕೆಳಗೆ ನೋಡಿ. ಶಾಲೇಲಿ ತಲೆ ತಿರುಗಿ ಬಿದ್ದ ಮಗು ಅದು. ನಿಮಗೆ ಅದು ಫೋಟೋಗೆ ಬೇಕಾ? ನೀವು ಹೇಳಿಕೊಟ್ಟ ಮಾತನ್ನ ನಾನು ಮನೆಗೆ ತಗೊಂಡು ಹೋಗಿ ನನ್ನ ಮಗಳ ಬಾಯಿಗೆ ಬೀಗ ಹಾಕಿದ್ದೀನಿ, ನೀವು ಚಪ್ಪಾಳೆ ಹೊಡೀತೀರಾ?"

"ಮೇಡಂ, ಇದರಲ್ಲಿ ಕಂಪನಿದೇನು ತಪ್ಪಿದೆ? ಮಕ್ಕಳು ನೋಡಿ ಎಷ್ಟು ಖುಷಿಯಾಗಿ ತಿಂತಾ ಇದಾವೆ..."

"ಖುಷಿ ಅಲ್ಲ ಅದು. ನಾವು ಮಾಡಿಟ್ಟಿರೋದು. ನನ್ನ ನಾಲಿಗೇಲೇ ಮಾಡಿಸಿದ್ದೀರಿ. ಒಂದು ಕಡೆ ನಿಲ್ಲಿಸೋಕಾಗದೇ ಇರೋ ಮಕ್ಕಳು, ಇನ್ನೊಂದು ಕಡೆ ನುಂಗೋಕಾಗದೇ ಇರೋ ನನ್ನ ಮಗಳು. ಇದರಲ್ಲಿ ಊಟ ಮಾಡ್ತಾ ಇರೋರು ಯಾರು ತೋರಿಸಿ ಸಾರ್?"

ಅವರು ಏನೋ ಹೇಳುತ್ತಿದ್ದರು. ಕೇಳಲು ನಿಲ್ಲದೆ ಬಾಗಿಲು ದಬಾರನೆ ತಳ್ಳಿ ಹೋಗಿ, ಬಣ್ಣದ ಕುರ್ಚಿಯಿಂದ ಮಗಳನ್ನು ಎತ್ತಿಕೊಂಡೆ. ಎರಡನೇ ಕ್ಲಾಸಿನ ಮಗುವನ್ನು ಒಂದೇ ಕೈಯಲ್ಲಿ ಎತ್ತಲು ಆಗಬಾರದು. ಆಯಿತು. ಅದಕ್ಕೂ ಸಿಟ್ಟು ಬಂತು.

ಗೇಟಿನಾಚೆ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತೆವು. ಗುಬ್ಬಿ ಹೆದರಿದ್ದಳು. "ನಾನು ಸರಿಯಾಗಿ ಮಾಡ್ಲಿಲ್ವಾ ಅಮ್ಮಾ? ಒಂಚೂರೂ ನುಂಗ್ಲಿಲ್ಲ, ನಿಜವಾಗ್ಲೂ."

"ಯಾಕೆ ನುಂಗಲ್ಲ ನೀನು?"

"ನುಂಗಿದ್ರೆ ನಾಲಿಗೆ ಕೆಡುತ್ತೆ. ನೀನೇ ಹೇಳಿದ್ದಲ್ಲ."

"ಹಸಿವಾಗಲ್ವೇನೇ ನಿನಗೆ?"

"ಆಗುತ್ತೆ." ಕಾಲು ಆಡಿಸುತ್ತಾ ಹೇಳಿದಳು. "ನಿನಗೂ ಆಗುತ್ತಲ್ಲ. ನೀನು ತಡ್ಕೋತೀಯಲ್ಲ."

"ನಾನು ಊಟ ಮಾಡ್ತೀನಿ ಕಣೇ!"

"ಯಾವಾಗ?"

"ನೀವೆಲ್ಲ ಮಲಗಿದ ಮೇಲೆ."

ಅವಳು ಕಾಲು ಆಡಿಸುವುದನ್ನು ನಿಲ್ಲಿಸಿದಳು. "ನಾನು ಯಾವತ್ತೂ ನೋಡೇ ಇಲ್ಲ," ಎಂದಳು. ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ಅವಳಿಗೆ ಖಾತ್ರಿಯಾಗಿತ್ತು, ಆದರೂ ಮರ್ಯಾದೆಗೆ ಸುಮ್ಮನಾದಳು.

ಯಾರ ಮೇಲೆ ಕೂಗಾಡಲಿ? ಟೀಚರಿಗೆ ಬೈದಾಗಿತ್ತು, ಗಂಡನಿಗೆ, ಅತ್ತೆಗೆ, ಕುಣಿಯುವ ಕೋತಿಗೂ ಬೈದಾಗಿತ್ತು. ಉಳಿದವಳು ನಾನೊಬ್ಬಳೇ. ಎದುರಿನ ಗಾಡಿಯಿಂದ ಒಂದು ಕಿತ್ತಳೆ ತಂದು, ಅದರ ಮೇಲೆ ಹಗೆಯಿದ್ದಂತೆ ಸಿಪ್ಪೆ ಕಿತ್ತೆ. ಒಂದು ತೊಳೆ ಬಾಯಿಗೆ ಹಾಕಿಕೊಂಡೆ. ಹಲ್ಲು ತಾಗಿದ್ದೇ ತಡ, ನಾಲಿಗೆ ತನ್ನ ಕೆಲಸ ಶುರು ಮಾಡಿತು: ಹುಳಿ ಮುಂದೆ, ಸಿಹಿ ಹಿಂದೆ, ತುದಿಯಲ್ಲಿ ಕಹಿ. ಹಾಳು ನಾಲಿಗೆ! ಗುಬ್ಬಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಎಲ್ಲಿ ಉಗಿಯುತ್ತೇನೆಂದು ಸುತ್ತ ಕಣ್ಣಾಡಿಸಿದಳು. ನಾನು ನುಂಗಿದೆ.

"ನುಂಗಿದ್ಯಾ?"

"ಹೂಂ."

ನಂಬಲಿಲ್ಲ. ಬೆಂಚಿನ ಮೇಲೆ ಮಂಡಿಯೂರಿ ನಿಂತು ಅಂಗೈಯನ್ನು ನನ್ನ ಗಂಟಲ ಮೇಲಿಟ್ಟಳು. "ಇನ್ನೊಂದು ಸಲ ನುಂಗು." ನುಂಗಿದೆ. ಅವಳ ಕೈಯಡಿಯಲ್ಲಿ ಗಂಟಲು ಮೇಲೆ ಹೋಗಿ ಕೆಳಗಿಳಿಯಿತು. ಅವಳ ಕಣ್ಣು ಅಗಲವಾದವು. "ಎಷ್ಟು ಕೊಡ್ತೀಯಾ ಇದಕ್ಕೆ?" ಎಂದು ಕೇಳಿದಳು.

"ಗೊತ್ತಿಲ್ಲ. ತಿಂದುಬಿಟ್ಟೆನಲ್ಲ, ಇನ್ನೇನು ಹೇಳೋದು?"

ಅವಳು ಒಂದು ತೊಳೆ ತೆಗೆದುಕೊಂಡಳು. ಅಗಿದಳು. ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಳು. ರಸ ಗದ್ದಕ್ಕೆ ಇಳಿಯಿತು. ಆಮೇಲೆ ಕಣ್ಣು ಬಿಗಿಯಾಗಿ ಮುಚ್ಚಿ ನುಂಗಿದಳು, ನುಂಗಿ ಬಿಕ್ಕಿ ಬಿಕ್ಕಿ ಅತ್ತಳು. "ನನ್ನ ನಾಲಿಗೆ ಹೋಯ್ತು" ಎಂದು ಅಳುತ್ತಿದ್ದವಳನ್ನು ಎದೆಗೆ ಒತ್ತಿಕೊಂಡು ಕೂತೆ. ಒಂದು ಬಸ್ಸು ಬಂದು ನಮ್ಮನ್ನು ಬಿಟ್ಟು ಹೋಯಿತು.

ಸಂಜೆ ಮನೆಯಲ್ಲಿ ನನ್ನ ಕೈಗೆ ಸಿಕ್ಕಿದ್ದೆಲ್ಲ ಹಾರಿತು. ಮೇಜಿನ ಮೇಲಿದ್ದ ಬಟ್ಟೆಯ ರಾಶಿ ಮಂಚಕ್ಕೆ ಹೋಯಿತು. ಹೂಕುಂಡ ಹೊತ್ತು ಬಾಲ್ಕನಿಯಲ್ಲಿ ನಿಂತಿದ್ದ ನಾಲ್ಕನೇ ಕುರ್ಚಿ ಒಳಗೆ ಬಂತು. ಟಿವಿಯ ಪ್ಲಗ್ಗು ಕಿತ್ತೆ. ಧಾರಾವಾಹಿಯವಳು ಅರ್ಧ ಅತ್ತು ನಿಂತಳು. ಗಂಡನ ಕೈಯಿಂದ ಫೋನು ಕಿತ್ತುಕೊಂಡು ಗೋಧಿಹಿಟ್ಟಿನ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದೆ.

"ಲೇ, ಯಾರಾದ್ರೂ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡ್ರೆ?"

"ಇವತ್ತು ನಿಮ್ಮ ಡ್ಯೂಟಿ ಇಲ್ಲ. ಮನೇಲಿ ನಿಮ್ಮ ಮಗಳು ಸಿಕ್ಕಿಹಾಕ್ಕೊಂಡಿದ್ದಾಳೆ. ಕೂತ್ಕೊಳ್ಳಿ."

ನಡೆದದ್ದನ್ನು ಮೂರು ಮಾತಿನಲ್ಲಿ ಹೇಳಿದೆ. ಇವರು ಕುರ್ಚಿ ಎಳೆದುಕೊಂಡು ಕೂತರು. ಅತ್ತೆ ಅನ್ನ, ಬೇಳೆ ಸಾರು, ಹುರುಳಿಕಾಯಿ ಪಲ್ಯ ತಂದು ಬಡಿಸಿದರು. ನಾನು ಒಂದು ತುತ್ತು ಬಾಯಿಗೆ ಹಾಕಿಕೊಂಡೆ. ಸಾರು ಬಿಸಿಯಿತ್ತು. ಪಲ್ಯ ಒಂಚೂರು ಹೆಚ್ಚು ಬೆಂದಿತ್ತು. ಅತ್ತೆ ಸೌಟು ಹಿಡಿದು ನಿಂತಿದ್ದರು. ಅಭ್ಯಾಸ ಬಿಡುತ್ತದೆಯೇ, ಅವರ ಬಾಯಿಂದ ಬಂದೇಬಿಟ್ಟಿತು. "ಎಷ್ಟು?"

ನುಂಗಿದೆ. "ಇನ್ನೊಂದು ಸೌಟು ಹಾಕಿ ಅತ್ತೆ," ಎಂದು ತಟ್ಟೆ ಮುಂದೆ ತಳ್ಳಿದೆ.

ಅವರು ಕರಗಿಹೋಗುತ್ತಾರೆ ಎಂದುಕೊಂಡಿದ್ದೆ. ಕೆಂಡವಾದರು. "ಇಷ್ಟು ವರ್ಷ ಆಯ್ತಲ್ಲೇ! ಐದು, ಆರು, ಐದೂವರೆ! ಒಂದು ದಿನ, ಒಂದೇ ಒಂದು ದಿನ ಈ ಮಾತು ಬಂದಿತ್ತಾ ನಿನ್ನ ಬಾಯಿಂದ? ನಗ್ತಾ ಇದ್ದೆ ಅಂತ ನೋವಾಗ್ಲಿಲ್ಲ ಅಂದ್ಕೊಂಡ್ಯಾ?" ಎಂದು ಸೌಟನ್ನು ಪಾತ್ರೆಯೊಳಗೆ ಠಣ್ಣನೆ ಕುಕ್ಕಿ, ಒಂದು ಕೇಳಿದವಳಿಗೆ ಮೂರು ಸೌಟು ಸುರಿದರು. ಸಾರು ಉಕ್ಕಿ ತಟ್ಟೆಯಂಚಿಗೆ ಬಂತು. "ತಿನ್ನು," ಎಂದರು.

ತಿಂದೆ. ಗುಬ್ಬಿ ತನ್ನ ಕುರ್ಚಿಯನ್ನು ಎಳೆದುಕೊಂಡು ಬಂದು ನನಗೆ ಅಂಟಿ ಕೂತಳು. ಎಡಗೈಯನ್ನು ನನ್ನ ಗಂಟಲ ಮೇಲಿಟ್ಟಳು, ಬಲಗೈಯಲ್ಲಿ ಒಂದು ತುತ್ತು ಎತ್ತಿದಳು. ನಾನು ನುಂಗಿದರೆ ಅವಳು ನುಂಗುವಳು. ನಾನು ನಿಲ್ಲಿಸಿದರೆ ಅವಳೂ ಬಾಯಲ್ಲಿ ತುತ್ತು ಇಟ್ಟುಕೊಂಡು ಕಾಯುವಳು. ಒಂದು ಸಲ ತಡೆಯಲಾರದೆ ಅಂಗೈಗೆ ಉಗಿದು ನನ್ನ ಮುಖ ನೋಡಿದಳು; ನಾನು ಏನೂ ಅನ್ನದೆ ಮುಂದಿನ ತುತ್ತು ನುಂಗಿದೆ, ಅವಳೂ ಇನ್ನೊಂದು ಎತ್ತಿಕೊಂಡಳು.

ನನ್ನ ಹೊಟ್ಟೆ ಯಾವಾಗಲೋ ತುಂಬಿತ್ತು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಆ ಪುಟ್ಟ ಕೈ ಗಂಟಲ ಮೇಲಿರುವಷ್ಟು ಹೊತ್ತೂ ನಾನು ತಿನ್ನುತ್ತಲೇ ಇದ್ದೆ.